ಸೂಕ್ತಿ ಮತ್ತು ಹೆಸರು: ಹೊಯ್ಸಳ ಕಾಲದ ಒಂದು ಸಂಕಲನವನ್ನು ಕುರಿತು

ಹಿಂದಿನವರ ಜಾಣ್ನುಡಿಗಳನ್ನು ಆಯ್ದು ಒಂದೆಡೆ ಕೂಡಿಸುವುದು ಎಲ್ಲ ಸಾಹಿತ್ಯಗಳಲ್ಲಿಯೂ ಹಳೆಯ ವಾಡಿಕೆ. ಸೂಕ್ತಿ ಚಿಕ್ಕದು, ಚೂಪಾದುದು. ನೆನಪಿಗೆ ಹಗುರ, ನಾಲಗೆಗೆ ರುಚಿ. ಈ ಗುಣದಿಂದಲೇ ಅದು ಹುಟ್ಟಿದ ಗ್ರಂಥವನ್ನು ಬಿಟ್ಟು ಬಹುದೂರ ಸಾಗುತ್ತದೆ. ಸಾಗುವ ದಾರಿಯಲ್ಲಿ ಹೇಳಿದವನ ಹೆಸರನ್ನು ಕಳೆದುಕೊಳ್ಳುತ್ತದೆ, ಇಲ್ಲವೇ ಬೇರೊಬ್ಬ ದೊಡ್ಡವನ ಹೆಸರನ್ನು ಹೊತ್ತುಕೊಳ್ಳುತ್ತದೆ. ಮಾತು ಉಳಿದರೆ ಸಾಲದೇ, ಹೆಸರೇಕೆ ಎಂದು ಯಾರಾದರೂ ಕೇಳಬಹುದು. ಪವಿತ್ರ ಗ್ರಂಥದೊಡನೆ ಪರಂಪರೆಯನ್ನೂ ಗೌರವಿಸುವ ಧರ್ಮಸಭೆಗೆ ಈ ಪ್ರಶ್ನೆ ಸಾಹಿತ್ಯಕ್ಕಷ್ಟೇ ಸೇರಿದುದಲ್ಲ. ಇದನ್ನು ವಿಚಾರಿಸಲು 13ನೆಯ ಶತಮಾನದ ಕನ್ನಡ ನಾಡು ನಮಗೆ ಒಳ್ಳೆಯ ಸಾಮಗ್ರಿಯನ್ನು ಒದಗಿಸುತ್ತದೆ.

ತಿರುಮಕೂಡಲು ನರಸೀಪುರ ತಾಲ್ಲೂಕಿನ ಸೋಮನಾಥಪುರವನ್ನು ಅಗ್ರಹಾರವಾಗಿ ನೆಲೆಗೊಳಿಸಿ ಅಲ್ಲಿ ಕೇಶವ ದೇವಾಲಯವನ್ನು ಕಟ್ಟಿಸಿದವನು ಹೊಯ್ಸಳ ದೊರೆ 3ನೆಯ ನರಸಿಂಹನ ದಂಡನಾಯಕನಾದ ಸೋಮನಾಥ. ಆ ನರಸಿಂಹನ ತಂದೆ ಸೋಮೇಶ್ವರನ ಆಶ್ರಯದಲ್ಲಿ, ಸುಮಾರು 1245ರಲ್ಲಿ, ಮಲ್ಲಿಕಾರ್ಜುನನೆಂಬ ವಿದ್ವಾಂಸನು ‘ಸೂಕ್ತಿಸುಧಾರ್ಣವ’ವನ್ನು ಸಂಕಲಿಸಿದನು. ಈತನ ಮಗನೇ ‘ಶಬ್ದಮಣಿದರ್ಪಣ’ವನ್ನು ರಚಿಸಿದ ಕೇಶಿರಾಜ, ಕವಿ ಜನ್ನನು ಕೇಶಿರಾಜನಿಗೆ ಸೋದರಮಾವ. ಹೀಗೆ ಒಂದೇ ಮನೆತನದಲ್ಲಿ ಕಾವ್ಯ, ಸಂಕಲನ, ವ್ಯಾಕರಣ ಮೂರೂ ಬೆಳೆದುವು. ಮಲ್ಲಿಕಾರ್ಜುನನ ಪಾಲಿಗೆ ಸೂಕ್ತಿಯೆಂದರೆ ಚೆನ್ನಾಗಿ ನುಡಿದ ಪದ್ಯ. ಪೂರ್ವಕವಿಗಳ ಕಾವ್ಯಗಳಿಂದ ಅಂಥ ಪದ್ಯಗಳನ್ನು ಆಯ್ದು ಅವನು ವರ್ಣನೆಯ ವಿಷಯಗಳಿಗೆ ತಕ್ಕಂತೆ ಜೋಡಿಸಿದನು.

ಈ ಸಂಕಲನದ ಉಪಕಾರ ದೊಡ್ಡದು. ಒಂದನೆಯ ಗುಣವರ್ಮನ ‘ಶೂದ್ರಕ’, ‘ಹರಿವಂಶ’ಗಳು ಇಂದು ಇಡಿಯಾಗಿ ದೊರೆಯುವುದಿಲ್ಲ, ಇಂಥ ಸಂಕಲನಗಳಲ್ಲಿಯೂ ಲಕ್ಷಣಗ್ರಂಥಗಳಲ್ಲಿಯೂ ಉಳಿದುಬಂದ ಪದ್ಯಗಳಿಂದಲೇ ಅವುಗಳ ಪರಿಚಯ ನಮಗಾಗಿದೆ. ಆದರೆ ಮಲ್ಲಿಕಾರ್ಜುನನು ಪದ್ಯಗಳ ಜೊತೆಗೆ ಕವಿಗಳ ಹೆಸರನ್ನು ಕಾಣಿಸುವ ಕ್ರಮವನ್ನು ಇಟ್ಟುಕೊಳ್ಳಲಿಲ್ಲ. ಅವನ ಕಾಲದ ಆಸ್ಥಾನದಲ್ಲಿ ಅದರ ಅಗತ್ಯವಿರಲಿಲ್ಲವೆಂದು ಊಹಿಸಬಹುದು: ಕೇಳುವವರಿಗೆ ಕಾವ್ಯಗಳು ಕಂಠಪಾಠವಾಗಿದ್ದುವು. ಕಾವ್ಯಗಳು ಕಣ್ಮರೆಯಾದ ಮೇಲೆ ಪದ್ಯಗಳು ತಬ್ಬಲಿಗಳಾದುವು. ಯಾವುದು ಯಾರದೆಂದು ಗುರುತಿಸುವ ಕೆಲಸ ನೂರಾರು ವರ್ಷಗಳ ಅನಂತರದ ವಿದ್ವಾಂಸರ ಪಾಲಿಗೆ ಬಂದಿತು.

ಸೋಮನಾಥಪುರದ ಕಲ್ಲಿನಲ್ಲಿ ನಡೆದುದು ಇದಕ್ಕೆ ವಿರುದ್ಧ. ಅಲ್ಲಿ ಶಿಲ್ಪಿಗಳು ತಾವು ಕಡೆದ ವಿಗ್ರಹಗಳ ಕೆಳಗೆ ತಮ್ಮ ಹೆಸರುಗಳನ್ನು ಕೆತ್ತಿದ್ದಾರೆ. ಅವರಲ್ಲಿ ಮಲ್ಲಿತಮ್ಮನ ಹೆಸರು ಮತ್ತೆ ಮತ್ತೆ ಕಾಣುತ್ತದೆ. ಕವಿಗಳ ನುಡಿ ಹೆಸರಿಲ್ಲದೆ ಉಳಿದ ಶತಮಾನದಲ್ಲಿಯೇ ಕಲ್ಲುಕುಟಿಗನ ಹೆಸರು ಉಳಿಯಿತು. ಈ ಎರಡು ಎಳೆಗಳನ್ನೂ ಕೈಗೆತ್ತಿಕೊಂಡವರು ಆರ್. ನರಸಿಂಹಾಚಾರ್ಯರು. ಮೈಸೂರು ಸಂಸ್ಥಾನದ ಪ್ರಾಚ್ಯವಸ್ತು ಇಲಾಖೆಯ ಮುಖ್ಯಸ್ಥರಾಗಿದ್ದ ಅವರು 1917ರಲ್ಲಿ ಸೋಮನಾಥಪುರದ ದೇವಾಲಯವನ್ನು ಕುರಿತ ಗ್ರಂಥವನ್ನು ಪ್ರಕಟಿಸಿದರು. 1907ರಲ್ಲಿ ಮೊದಲ ಸಂಪುಟ ಹೊರಬಂದಿದ್ದ ‘ಕರ್ನಾಟಕ ಕವಿಚರಿತೆ’ಯಲ್ಲಿ ಕನ್ನಡ ಕವಿಗಳ ಹೆಸರು, ಕಾಲ, ಕೃತಿಗಳನ್ನು ಒಂದೊಂದಾಗಿ ಗೊತ್ತುಪಡಿಸುವ ಕೆಲಸವನ್ನೂ ಅವರೇ ನಡೆಸಿಕೊಂಡು ಬಂದರು. ಶಿಲ್ಪಿಯ ಸಹಿಯನ್ನು ಓದುವುದೂ ಕವಿಯ ಹೆಸರನ್ನು ಹುಡುಕುವುದೂ ಒಂದೇ ನ್ಯಾಯದ ಕೆಲಸ.

ನಮ್ಮ ಕಣ್ಣನ್ನು ಇನ್ನು ಅದೇ ಶತಮಾನದ ಯೂರೋಪಿನತ್ತ ಹೊರಳಿಸೋಣ. 1261ರಿಂದ 1264ರವರೆಗೆ ಪೋಪರಾಗಿದ್ದ 4ನೆಯ ಉರ್ಬಾನರ ಕೋರಿಕೆಯಂತೆ ಸಂತ ತೋಮಸ್ ಅಕ್ವಿನಾಸರು ನಾಲ್ಕು ಶುಭಸಂದೇಶಗಳ ಮೇಲೆ ಧರ್ಮಪಿತೃಗಳ ವಚನಗಳನ್ನು ಪೋಣಿಸಿದರು. ‘ಬಂಗಾರದ ಸರಪಣಿ’ ಎಂಬ ಅರ್ಥದ ಹೆಸರಿನಿಂದ ಆ ಕೃತಿ ಪ್ರಸಿದ್ಧವಾಯಿತು. ಅವರೂ ಮೂಲದ ಮಾತುಗಳನ್ನು ಕತ್ತರಿಸಿದರು, ಕೆಲವೆಡೆ ಕ್ರಮವನ್ನು ಬದಲಿಸಿದರು. ಆದರೆ ಪ್ರತಿಯೊಂದು ವಚನಕ್ಕೂ ಅದನ್ನು ನುಡಿದವರ ಹೆಸರನ್ನು ಮುಂದಿಟ್ಟರು. ಮತ್ತಾಯನ ಶುಭಸಂದೇಶದ ಮೇಲಿನ ಒಂದು ಅಪೂರ್ಣ ವ್ಯಾಖ್ಯಾನವನ್ನು ಅವರ ಕಾಲದವರೆಲ್ಲರಂತೆ ಅವರೂ ಸಂತ ಕ್ರಿಸೋಸ್ತೋಮರದೆಂದೇ ತಿಳಿದಿದ್ದರು. ಅದು ಕ್ರಿಸೋಸ್ತೋಮರದಲ್ಲವೆಂದು ಮುಂದಿನ ವಿದ್ವಾಂಸರು ತೋರಿಸಿದರು. ಇಲ್ಲಿ ಗಮನಿಸಬೇಕಾದ ಅಂಶ ಒಂದಿದೆ: ಹೆಸರನ್ನು ಬರೆದಿದ್ದರಿಂದಲೇ ಅದನ್ನು ಪರೀಕ್ಷಿಸಿ ತಿದ್ದುವುದು ಸಾಧ್ಯವಾಯಿತು. ಬರೆಯದ ಹೆಸರನ್ನು ತಿದ್ದುವ ಬಗೆ ಇಲ್ಲ.

ಪವಿತ್ರ ಗ್ರಂಥದಲ್ಲಿಯೇ ಒಂದು ಸೂಕ್ತಿಸಂಕಲನವಿದೆ. ಜ್ಞಾನೋಕ್ತಿಗಳ ಗ್ರಂಥ ಸೊಲೊಮೋನನ ಹೆಸರಿನಿಂದ ಆರಂಭವಾಗುತ್ತದೆ. ಆದರೂ ಅದು ಎಲ್ಲವನ್ನೂ ಅವನಿಗೇ ಒಪ್ಪಿಸುವುದಿಲ್ಲ. 25ನೆಯ ಅಧ್ಯಾಯದ ಮೊದಲಲ್ಲಿ ಅರಸ ಹಿಜ್ಕೀಯನ ಜನರು ಆ ಭಾಗವನ್ನು ನಕಲು ಮಾಡಿದರೆಂಬ ಟಿಪ್ಪಣಿಯಿದೆ. 30ನೆಯದರಲ್ಲಿ ಆಗೂರನ ಹೆಸರಿದೆ. 31ನೆಯದರಲ್ಲಿ ಅರಸ ಲೆಮೂವೇಲನಿಗೆ ಅವನ ತಾಯಿ ಹೇಳಿದ ಬುದ್ಧಿಮಾತುಗಳಿವೆ. 22ನೆಯ ಅಧ್ಯಾಯದ ಕೊನೆಯಲ್ಲಿ ಮೊದಲಾಗುವ ಜ್ಞಾನಿಗಳ ನುಡಿಗಳಿಗೂ ಈಜಿಪ್ಟಿನ ಆಮೆನೆಮೋಪೆಯ ಉಪದೇಶಕ್ಕೂ ಹತ್ತಿರದ ಹೋಲಿಕೆಯಿದೆಯೆಂದು ವಿದ್ವಾಂಸರು ತೋರಿಸಿದ್ದಾರೆ. ಪರನಾಡಿನ ಜ್ಞಾನವನ್ನೂ ಒಬ್ಬ ತಾಯಿಯ ಮಾತನ್ನೂ ದೈವಪ್ರೇರಿತ ಗ್ರಂಥ ಅಂಗೀಕರಿಸಿದೆ. ಆ ತಾಯಿಯ ಹೆಸರು ಉಳಿಯದಿದ್ದರೂ ಮಾತು ಅವಳದೆಂಬುದನ್ನು ಗ್ರಂಥ ಮರೆಯಲಿಲ್ಲ.

ಹೆಸರು ಕಳೆಯುವುದು ಒಂದು ಅಪಾಯವಾದರೆ, ದೊಡ್ಡ ಹೆಸರಿಗೆ ಎಲ್ಲವೂ ಅಂಟಿಕೊಳ್ಳುವುದು ಇನ್ನೊಂದು. ನಮ್ಮಲ್ಲಿ ಇದಕ್ಕೆ ಸರ್ವಜ್ಞನ ತ್ರಿಪದಿಗಳೇ ಸಾಕ್ಷಿ. ಅವುಗಳ ಕೊನೆಗೆ ಬರುವ ಅಂಕಿತವನ್ನು ಯಾರಾದರೂ ಎರವಲು ಪಡೆಯಬಹುದಿತ್ತು, ಪಡೆದವರೂ ಉಂಟು. ಊರೂರಿನ ಬಾಯಲ್ಲಿಯೂ ಹಸ್ತಪ್ರತಿಗಳಲ್ಲಿಯೂ ಚದುರಿದ್ದ ಈ ತ್ರಿಪದಿಗಳನ್ನು ಕೂಡಿಹಾಕಿ 1924ರಲ್ಲಿ ಪ್ರಕಟಿಸಿದವರು ಬಾಸೆಲ್ ಮಿಶನ್ನಿನ ಪಾದ್ರಿಗಳಾದ ರೆವರೆಂಡ್ ಉತ್ತಂಗಿ ಚನ್ನಪ್ಪನವರು. 1949ರಲ್ಲಿ ಕಲಬುರ್ಗಿಯ ಕನ್ನಡ ಸಾಹಿತ್ಯ ಸಮ್ಮೇಳನ ಅವರನ್ನು ಅಧ್ಯಕ್ಷ ಪೀಠದಲ್ಲಿ ಕುಳ್ಳಿರಿಸಿತು. ಕ್ರೈಸ್ತ ಸಭಾಪಾಲಕರೊಬ್ಬರು ತಮ್ಮ ಸಭೆಯ ಹೊರಗಿನ ಕವಿಯೊಬ್ಬನ ಮಾತುಗಳಿಗಾಗಿ ವರ್ಷಗಟ್ಟಲೆ ದುಡಿದುದು ನಮ್ಮ ಗುರುಮಠಗಳಲ್ಲಿ ಇನ್ನಷ್ಟು ನೆನೆಯಬೇಕಾದ ಸಂಗತಿ.

ಈ ಅಪಾಯದಿಂದ ನಮ್ಮ ಪ್ರಬೋಧನ ಪೀಠವೂ ಹೊರತಲ್ಲ. ಮುಖ್ಯವಾದವುಗಳಲ್ಲಿ ಐಕ್ಯ, ಸಂದೇಹವುಳ್ಳವುಗಳಲ್ಲಿ ಸ್ವಾತಂತ್ರ್ಯ, ಎಲ್ಲದರಲ್ಲಿಯೂ ಪ್ರೀತಿ ಎಂಬ ಭಾವದ ನುಡಿಯನ್ನು ಸಂತ ಅಗುಸ್ತೀನರದೆಂದು ನಾವು ಉದ್ಧರಿಸುತ್ತೇವೆ. ಅದು ಕಾಣಿಸಿಕೊಂಡುದು 17ನೆಯ ಶತಮಾನದ ಮೊದಲ ಭಾಗದಲ್ಲಿ, ಕ್ರೈಸ್ತರು ಪರಸ್ಪರ ಕಾದಾಡಿ ಬಳಲುತ್ತಿದ್ದಾಗ. ಬೇಕಾದರೆ ಮಾತನ್ನೂ ಬಳಸಿ ಸುವಾರ್ತೆ ಸಾರಿರಿ ಎಂಬ ಅರ್ಥದ ನುಡಿಯನ್ನು ಅಸ್ಸಿಸಿಯ ಸಂತ ಫ್ರಾನ್ಸಿಸರ ಬಾಯಲ್ಲಿ ಇಡುತ್ತೇವೆ. ಅದು ಅವರ ಬರಹಗಳಲ್ಲಿಯೂ ಇಲ್ಲ, ಆದಿ ಚರಿತ್ರೆಗಳಲ್ಲಿಯೂ ಇಲ್ಲ. ಮಾತು ಒಳ್ಳೆಯದೇ ಆದರೂ ನಷ್ಟ ತಪ್ಪಿದ್ದಲ್ಲ. ಮೊದಲನೆಯ ನುಡಿಯನ್ನು ಅಗುಸ್ತೀನರಿಗೆ ಒಪ್ಪಿಸಿದಾಗ, ರಕ್ತ ಹರಿಯುತ್ತಿದ್ದ ಕಾಲದಲ್ಲಿ ಸಮಾಧಾನವನ್ನು ಬಯಸಿದವರ ನೋವು ಅದರಿಂದ ಜಾರಿಹೋಗುತ್ತದೆ. ಬುದ್ಧಿವಾದ ಉಳಿಯುತ್ತದೆ, ಅದಕ್ಕೆ ತೆತ್ತ ಬೆಲೆ ಮರೆಯಾಗುತ್ತದೆ.

ಸಂತರ ಅನ್ಯೋನ್ಯತೆಯನ್ನು ವಿಶ್ವಾಸಸಂಗ್ರಹದಲ್ಲಿ ಒಪ್ಪಿಕೊಳ್ಳುವ ನಮಗೆ ಗತಿಸಿದವರು ಕೇವಲ ಆಕರಗಳಲ್ಲ; ನಮ್ಮೊಡನೆ ಇರುವ ಸಹೋದರ ಸಹೋದರಿಯರು. ಅವರ ಮಾತನ್ನು ತೆಗೆದುಕೊಂಡು ಹೆಸರನ್ನು ಬಿಡುವುದು ಸಾಲವನ್ನು ಮರೆತಂತೆ. ಆಡದ ಮಾತನ್ನು ಅವರ ಮೇಲೆ ಹೊರಿಸುವುದು ಸುಳ್ಳುಸಾಕ್ಷಿಗೆ ಹತ್ತಿರ. ಪ್ರಬೋಧನೆಯನ್ನು ಸಿದ್ಧಪಡಿಸುವ ವಿದ್ಯಾರ್ಥಿಯು ಒಂದು ಸೂಕ್ತಿಯನ್ನು ಬಳಸುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಲಿ: ಇದನ್ನು ನುಡಿದವರು ಯಾರು? ಯಾರಿಗೆ ನುಡಿದರು? ಯಾವ ಇಕ್ಕಟ್ಟಿನಲ್ಲಿ ನುಡಿದರು? ಉತ್ತರ ಸಿಗದಿದ್ದರೆ ‘ಹಿರಿಯರೊಬ್ಬರ ಮಾತು’ ಎಂದಷ್ಟೇ ಹೇಳಿದರೆ ಸಾಕು; ಅದರಿಂದ ಮಾತಿನ ತೂಕ ಕಡಿಮೆಯಾಗುವುದಿಲ್ಲ, ಹೇಳುವವನ ಸತ್ಯನಿಷ್ಠೆಯೂ ಉಳಿಯುತ್ತದೆ.