ನಮ್ಮ ಅಂಗಳದ ಹಿರಿಯ ಮರಗಳು

ದೇವಾಲಯವೊಂದರ ನೂರು ವರ್ಷಗಳ ಚರಿತ್ರೆಯನ್ನು ಬರೆಯುವಾಗ ಗುರುಗಳ ಸೇವಾವಧಿ, ಗಂಟೆಗೋಪುರದ ನಿರ್ಮಾಣ, ಶಾಲೆಯ ಆರಂಭ ಮೊದಲಾದುವನ್ನು ನೆನೆಯುವುದು ಉಚಿತವೇ ಸರಿ. ಅವೆಲ್ಲವೂ ಈ ಸಂಚಿಕೆಯ ಇತರ ಪುಟಗಳಲ್ಲಿ ಬಂದಿವೆ. ನಾವಿಲ್ಲಿ ಹೇಳಹೊರಟಿರುವುದು ಯಾವ ದಾಖಲೆ ಪುಸ್ತಕದಲ್ಲಿಯೂ ಹೆಸರಿಲ್ಲದ, ಆದರೆ ಮೂರು ತಲೆಮಾರುಗಳ ಜ್ಞಾನಸ್ನಾನ, ಮದುವೆ, ಶವಯಾತ್ರೆಗಳನ್ನು ಕಂಡ ಹಿರಿಯರ ವಿಚಾರ: ದೇವಾಲಯದ ಅಂಗಳದಲ್ಲಿಯೂ ಸುತ್ತಲಿನ ನಮ್ಮ ಮನೆಗಳ ಹಿತ್ತಿಲುಗಳಲ್ಲಿಯೂ ನಿಂತಿರುವ ಮಳೆಮರ, ಹುಣಸೆ, ಬೇವು, ಹೊಂಗೆ, ಗುಲ್‌ಮೊಹರ್‌ಗಳ ವಿಚಾರ.

ಬೆಂಗಳೂರಿನ ಸೀಮೆಯು ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದ ಬಯಲು. ಇಲ್ಲಿ ದೊಡ್ಡ ನದಿಯಿಲ್ಲ. ಡಿಸೆಂಬರಿನಿಂದ ಮಾರ್ಚಿಯವರೆಗೆ ಮಳೆ ಇಲ್ಲವೆನ್ನುವಷ್ಟು ಕಡಿಮೆ. ಅನಂತರ ಏಪ್ರಿಲ್, ಮೇ ತಿಂಗಳುಗಳ ಸಂಜೆಗಳಲ್ಲಿ ಗುಡುಗು, ಗಾಳಿ, ಆಲಿಕಲ್ಲುಗಳೊಡನೆ ಮಳೆಯು ಒಮ್ಮೆಗೇ ಎರಗುತ್ತದೆ. ಇಂತಹ ನೆಲದಲ್ಲಿ ನೆರಳು ತಾನಾಗಿ ಬಂದುದಲ್ಲ. 1874ರಿಂದ 1908ರವರೆಗೆ ಲಾಲ್‌ಬಾಗಿನ ಮೇಲ್ವಿಚಾರಕರಾಗಿದ್ದ ಜಾನ್ ಕ್ಯಾಮೆರಾನ್ ಮತ್ತು ಅವರ ತರುವಾಯ 1932ರವರೆಗೆ ಆ ಹೊಣೆ ಹೊತ್ತ ಜರ್ಮನಿಯ ಕ್ರುಂಬಿಗಲ್ ಅವರು ಪರದೇಶಗಳ ಅನೇಕ ವೃಕ್ಷಗಳನ್ನು ಇಲ್ಲಿ ಬೇರೂರಿಸಿದರು. ನಮ್ಮ ದೇವಾಲಯದ ಅಡಿಗಲ್ಲು ಬಿದ್ದುದು ಕ್ರುಂಬಿಗಲ್ ಅವರ ಕಾಲದಲ್ಲಿಯೇ. ಗುಲ್‌ಮೊಹರ್ ಮಡಗಾಸ್ಕರಿನದು, ಮಳೆಮರ ಮಧ್ಯ ಮತ್ತು ದಕ್ಷಿಣ ಅಮೇರಿಕಗಳದ್ದು. ಹುಣಸೆಯೂ ಮೂಲತಃ ಆಫ್ರಿಕದ್ದೇ ಆದರೂ ಅದನ್ನು ಪರದೇಶಿ ಎನ್ನಲು ನಮಗೆ ನಾಲಿಗೆ ಬಾರದು!

ಅಂದಿನ ಆರೈಕೆಯಲ್ಲಿ ಶಾಸ್ತ್ರವಿರಲಿಲ್ಲ, ರೂಢಿಯಿತ್ತು. ಬಚ್ಚಲ ನೀರು ಕಾಲುವೆಯ ಮೂಲಕ ಹಿತ್ತಿಲ ಮರದತ್ತ ಹರಿಯುತ್ತಿತ್ತು. ಬೇಸಗೆಯಲ್ಲಿ ಬತ್ತಿದ ಕೆರೆಯ ಗೋಡು ಗಾಡಿಯಲ್ಲಿ ಬರುತ್ತಿತ್ತು. ಉದುರಿದ ಎಲೆ ಉದುರಿದಲ್ಲಿಯೇ ಕೊಳೆಯುತ್ತಿತ್ತು. ಮರ ಬೆಳೆದಂತೆ ಪಾತಿಯನ್ನೂ ಹೊರಹೊರಗೆ ಸರಿಸಬೇಕು, ದೊಡ್ಡ ಮರಕ್ಕೆ ಬೊಡ್ಡೆಯಲ್ಲಿ ನೀರು ಹೊಯ್ಯುವುದು ವ್ಯರ್ಥ ಎಂದು ನಮ್ಮ ಅಜ್ಜಂದಿರು ಹೇಳುತ್ತಿದ್ದರು. ಇಂದಿನ ವಿಜ್ಞಾನವೂ ಇದನ್ನೇ ಹೇಳುತ್ತದೆ. ನೀರುಣ್ಣುವ ಸಣ್ಣ ಬೇರುಗಳಲ್ಲಿ ಹೆಚ್ಚಿನವು ನೆಲದ ಮೇಲ್ಪದರದ ಒಂದೂವರೆ, ಎರಡು ಅಡಿಗಳೊಳಗೇ ಇದ್ದು, ಕೊಂಬೆಗಳ ನೆರಳಿನ ಅಂಚನ್ನೂ ದಾಟಿ ಹರಡಿರುತ್ತವೆ.

ಅನಂತರದ ದಶಕಗಳಲ್ಲಿ ಕೊಳಾಯಿ ಬಂತು, ಚರಂಡಿ ಬಂತು, ಬಚ್ಚಲ ನೀರು ಬೇರೆ ದಾರಿ ಹಿಡಿಯಿತು. ಎಲೆಗಳನ್ನು ಗುಡಿಸಿ ಸುಡುವುದೇ ಶುಚಿತ್ವವೆನಿಸಿತು. ಹಬ್ಬದ ದಿನ ಧೂಳೇಳದಿರಲೆಂದು ನಾವೇ ಚಂದಾ ಎತ್ತಿ ಅಂಗಳಕ್ಕೆ ಕಾಂಕ್ರೀಟು ಹಾಸಿಸಿದೆವು. ಮಳೆಮರದ ಬೊಡ್ಡೆಗೆ ತಾಗುವವರೆಗೆ ಹಾಸಿದೆವು. ವಿದ್ಯುತ್ ತಂತಿಗಾಗಿ ಒಂದೇ ಮಗ್ಗುಲಿನ ಕೊಂಬೆಗಳನ್ನು ಕಡಿಸಿದೆವು. ಗಾಳಿಗೆ ಹೆದರಿ ಕೆಲವು ಮರಗಳ ನೆತ್ತಿಯನ್ನೇ ಹಾರಿಸಿದೆವು. ನೆತ್ತಿ ಕಡಿದಲ್ಲಿ ಗುಂಪಾಗಿ ಒಡೆಯುವ ಚಿಗುರು ಹಳೆಯ ಕೊಂಬೆಯಂತೆ ಮರದ ತಿರುಳಿನಿಂದ ಹೊರಟುದಲ್ಲ. ತೊಗಟೆಯ ಬಳಿಗೆ ಅಂಟಿಕೊಂಡಿರುವುದರಿಂದ ಐದಾರು ವರ್ಷಗಳಲ್ಲಿ ದಪ್ಪವಾಗಿ ಗಾಳಿಗೆ ಮೊದಲು ಮುರಿಯುವುದೇ ಅದು. ಹುಣಸೆಯ ಪೊಟರೆಗೆ ಗಾರೆ ತುಂಬಿದುದೂ ಪ್ರೀತಿಯಿಂದಲೇ. ಅಮೇರಿಕದ ಅರಣ್ಯ ಇಲಾಖೆಯ ಅಲೆಕ್ಸ್ ಶೈಗೋ ಎಂಬ ವಿಜ್ಞಾನಿ ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ಪರೀಕ್ಷಿಸಿ, ಮರವು ತನ್ನ ಗಾಯದ ಸುತ್ತ ತಾನೇ ಗೋಡೆ ಕಟ್ಟಿಕೊಂಡು ಕೊಳೆತವನ್ನು ತಡೆಯುತ್ತದೆಂಬುದನ್ನು 1970ರ ದಶಕದಲ್ಲಿ ವಿವರಿಸಿದರು. ಪೊಟರೆಯನ್ನು ಕೆರೆದು ಗಾರೆ ತುಂಬುವಾಗ ನಾವು ಒಡೆಯುವುದು ಆ ಗೋಡೆಯನ್ನೇ.

ಇದರ ಲೆಕ್ಕ 2024ರಲ್ಲಿ ತೀರಿತು. ಹಿಂದಿನ ವರ್ಷ ಮಳೆ ಕೈಕೊಟ್ಟು ಕೊಳವೆ ಬಾವಿಗಳು ಬತ್ತಿದ್ದವು. 1983ರ ತರುವಾಯ ಮೊದಲ ಬಾರಿಗೆ ನಗರದಲ್ಲಿ ಏಪ್ರಿಲ್ ತಿಂಗಳು ಮಳೆಯಿಲ್ಲದೆ ಕಳೆಯಿತು. ಒಣಗಿದ ಸಣ್ಣ ಬೇರುಗಳು ಮಣ್ಣಿನ ಹಿಡಿತ ಬಿಟ್ಟಿದ್ದವು. ಜೂನ್ 2ರ ಭಾನುವಾರ, ಪರಮಪ್ರಸಾದದ ಹಬ್ಬದ ಸಂಜೆ, 111.1 ಮಿಲಿಮೀಟರು ಮಳೆ ಸುರಿಯಿತು. ಜೂನ್ ತಿಂಗಳ ಒಂದೇ ದಿನದ ಮಳೆಯಲ್ಲಿ 1891ರ ದಾಖಲೆಯನ್ನು ಮೀರಿದ ಮಳೆಯದು. ನಗರದಲ್ಲಿ ನೂರಾರು ಮರಗಳು ಉರುಳಿದವು. ನಮ್ಮ ಕೇರಿಯ ಗುಲ್‌ಮೊಹರ್ ಬುಡಸಹಿತ ಎರಡು ಮನೆಗಳ ಮೇಲೆ ಒರಗಿತು. ದೇವರ ದಯೆಯಿಂದ ಜೀವಹಾನಿಯಾಗಲಿಲ್ಲ. ಮರುದಿನ ನೋಡಿದರೆ ಕಾಂಕ್ರೀಟು ಹಾಸಿದ್ದ ಮಗ್ಗುಲಿನಲ್ಲಿ ಬೇರೆಂಬುದು ಹೆಸರಿಗೆ ಮಾತ್ರ ಇತ್ತು.

ಉಳಿದ ಹಳೆಯ ಮರಗಳನ್ನೆಲ್ಲ ಕಡಿಸಬೇಕೆಂಬ ಅರ್ಜಿ ಆ ವಾರವೇ ಸಿದ್ಧವಾಯಿತು. ಅದಕ್ಕೆ ನಾವೂ ಸಹಿ ಹಾಕಿದೆವೆಂಬುದನ್ನು ಮುಚ್ಚಿಡಲಾರೆವು. ಮಕ್ಕಳು ಮಲಗುವ ಮಾಡಿನ ಮೇಲೆ ಕೊಂಬೆ ಚಾಚಿರುವಾಗ ನೆರಳಿನ ಗುಣಗಾನ ಸುಲಭವಲ್ಲ. ಧರ್ಮಕೇಂದ್ರದ ಸಭೆಯಲ್ಲಿ ಗುರುಗಳು ವಾದಕ್ಕಿಳಿಯಲಿಲ್ಲ. ಫಲಬಿಡದ ಅಂಜೂರದ ಮರಕ್ಕಾಗಿ ತೋಟಗಾರನು ಇನ್ನೊಂದು ವರ್ಷದ ಗಡುವು ಬೇಡಿದ ಸಾಮತಿಯನ್ನು ನೆನಪಿಸಿ, ಅಷ್ಟೇ ಅವಧಿಯನ್ನು ಕೇಳಿದರು.

ಆ ವರ್ಷದಲ್ಲಿ ನಡೆದುದಿಷ್ಟು. ಬುಡದಲ್ಲಿ ಅಣಬೆ ಎದ್ದು, ಒಂದು ಮಗ್ಗುಲಿನ ನೆಲ ಹೊಸದಾಗಿ ಬಿರುಕು ಬಿಟ್ಟು ಮೇಲೆದ್ದಿದ್ದ ಬೇವಿನ ಮರವೊಂದನ್ನು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದಂತೆ ವೃಕ್ಷಾಧಿಕಾರಿಯ ಅನುಮತಿ ಪಡೆದು ತೆಗೆಸಲಾಯಿತು. ಇದಕ್ಕೆ ಯಾರೂ ಅಡ್ಡ ಬರಲಿಲ್ಲ. ಉಳಿದವುಗಳ ಒಣಕೊಂಬೆಗಳನ್ನು ಮಾತ್ರ, ಕೊಂಬೆ ಹೊರಡುವೆಡೆಯ ಉಬ್ಬನ್ನು ಬಿಟ್ಟು ಸವರಲಾಯಿತು; ಗಾಯಕ್ಕೆ ಡಾಂಬರು ಬಳಿಯಲಿಲ್ಲ. ಮಳೆಮರದ ಸುತ್ತಣ ಕಾಂಕ್ರೀಟನ್ನು ಯುವಜನರು ಕೈಹಾರೆಯಿಂದಲೇ ಎಬ್ಬಿಸಿದರು. ಯಂತ್ರ ತಂದಿದ್ದರೆ ಬೇರೂ ಕಿತ್ತು ಬರುತ್ತಿತ್ತು. ತೆರೆದ ನೆಲಕ್ಕೆ ನಾಲ್ಕು ಅಂಗುಲ ತರಗೆಲೆ ಹಾಸಿ, ಬೊಡ್ಡೆಯ ಸುತ್ತ ಮಾತ್ರ ಬರಿದಾಗಿ ಬಿಟ್ಟರು. ಬೇಸಗೆಯಲ್ಲಿ ಹದಿನೈದು ದಿನಗಳಿಗೊಮ್ಮೆ, ಕೈ ತೊಳೆದ ಮತ್ತು ನೆಲ ಒರೆಸಿದ ನೀರನ್ನು ನೆರಳಿನ ಅಂಚಿನ ಪಾತಿಗೆ ನಿಧಾನವಾಗಿ ಬಿಡುವ ಸರದಿಯನ್ನು ಮನೆಗಳು ಹಂಚಿಕೊಂಡವು.

ಗಡುವು ಮುಗಿದ ಬಳಿಕ ಅರ್ಜಿಯನ್ನು ಮತ್ತೆ ಯಾರೂ ಹೊರತೆಗೆದಿಲ್ಲ, ಹರಿದೂ ಹಾಕಿಲ್ಲ. ಅದು ಗುರುಮನೆಯ ಬೀರುವಿನಲ್ಲಿದೆ. ಕಾರು ನಿಲ್ಲಿಸುವ ಜಾಗ ಕಡಿಮೆಯಾಯಿತೆಂಬ ದೂರು ಪ್ರತಿ ಭಾನುವಾರವೂ ಕೇಳಿಬರುತ್ತದೆ. ಸಂಜೆಯ ಗಂಟೆಯ ಹೊತ್ತಿಗೆ ಮಳೆಮರವು ಎಂದಿನಂತೆ ಎಲೆ ಮಡಿಸುತ್ತದೆ.