ನೀರು ಕದ್ದವರು ಯಾರು?

ನಮ್ಮ ಕಡೆ ನೀರಿಗೆ ಏಕವಚನವಿಲ್ಲ. ‘ನೀರು ಬಂದಾವ’, ‘ನೀರು ಹೋದವು’ ಎಂದೇ ಹೇಳುತ್ತೇವೆ. ವ್ಯಾಕರಣ ಪಾಠ ಮಾಡುವಾಗ ಇದನ್ನು ತಪ್ಪೆಂದು ತಿದ್ದುವುದು ನನ್ನ ಕೆಲಸ. ಆದರೆ ಮನೆಗೆ ಬಂದ ಮೇಲೆ ನಾನೂ ಹಾಗೆಯೇ ಮಾತಾಡುತ್ತೇನೆ. ದನಕರುಗಳ ಹಾಗೆ, ಮಕ್ಕಳ ಹಾಗೆ, ನೀರೂ ಹಲವು. ಎಣಿಸಿಕೊಂಡು ಒಳಗೆ ಕರೆದುಕೊಳ್ಳಬೇಕು. ಎಣಿಕೆಯಲ್ಲಿ ಒಂದು ಕಡಿಮೆ ಬಿದ್ದರೆ ಯಾರೋ ಹೊಡೆದುಕೊಂಡು ಹೋದರೆಂದೇ ಮೊದಲ ಸಂಶಯ.

ಅಂಥ ಒಂದು ಸಂಶಯದ ಕತೆಯನ್ನು ಹೇಳಬೇಕಾಗಿದೆ. ಹೇಳಿಕೊಳ್ಳಲು ಹೆಮ್ಮೆಯ ಕತೆಯೇನಲ್ಲ.

ನಮ್ಮ ಮನೆ ಕಪನೂರಿನಲ್ಲಿ. ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದು ಕಮಲಾಪುರದ ಕಡೆಗೆ ಹೊರಟರೆ ಊರು ಮುಗಿಯುವ ಹೊತ್ತಿಗೆ ಕೈಗಾರಿಕಾ ಪ್ರದೇಶ ಸಿಗುತ್ತದೆ. ಅಲ್ಲಿ ಬೇಳೆಯ ಗಿರಣಿಗಳಿವೆ. ತೊಗರಿಯ ಹೊಟ್ಟಿನ ವಾಸನೆ ನಮ್ಮ ಗಾಳಿಗೆ ಸೇರಿಯೇ ಇರುತ್ತದೆ. ಮನೆಯ ಹಿಂಭಾಗದ ಎರಡು ಕೋಣೆಗಳನ್ನು ಗಿರಣಿಯಲ್ಲಿ ಕೆಲಸ ಮಾಡುವ ಒಬ್ಬ ಹೆಣ್ಣುಮಗಳಿಗೆ ಬಾಡಿಗೆಗೆ ಕೊಟ್ಟಿದ್ದೆವು. ಗಂಡನಿಲ್ಲ, ಇಬ್ಬರು ಹುಡುಗಿಯರು. ಬಾಡಿಗೆ ತಿಂಗಳ ಮೊದಲ ವಾರ ತಪ್ಪದೆ ಬರುತ್ತಿತ್ತು.

ಅದು 2016ರ ಬೇಸಿಗೆ. ನಮ್ಮ ನೆರೆಯ ಲಾತೂರಿಗೆ ಮೀರಜಿನಿಂದ ರೈಲಿನಲ್ಲಿ ನೀರು ಹೋದ ವರ್ಷ. ನಮ್ಮ ಓಣಿಯ ಬೋರುಗಳೂ ಒಂದೊಂದಾಗಿ ಕೈಕೊಟ್ಟಿದ್ದವು. ನಳದ ನೀರು ಬಂದ ದಿನ ಮೇಲಿನ 1000 ಲೀಟರಿನ ಟಾಕಿ ತುಂಬಿಸಿ ಮಲಗಿದರೆ, ಬೆಳಿಗ್ಗೆ ಮುಚ್ಚಳ ತೆಗೆದಾಗ ಒಂದು ಗೇಣು ಇಳಿದಿರುತ್ತಿತ್ತು. ಲೆಕ್ಕ ಹಾಕಿದೆ: ಸುಮಾರು 200 ಲೀಟರು. ರಾತ್ರಿ ನಾವು ಯಾರೂ ನೀರು ಮುಟ್ಟಿಲ್ಲ. ಟಾಕಿಯಿಂದ ಒಂದು ಕೊಳವೆ ನಮ್ಮ ಬಚ್ಚಲಿಗೆ, ಇನ್ನೊಂದು ಹಿಂದಿನ ಕೋಣೆಗಳಿಗೆ. ಇನ್ನೇನು ಬೇಕು?

ಒಂದು ಮುಂಜಾನೆ ಆಕೆಯ ಹುಡುಗಿಯರ ಎದುರಿಗೇ ಕೇಳಿಬಿಟ್ಟೆ: “ರಾತ್ರಿ ನೀರು ಯಾರಿಗಿ ಕೊಡ್ತಿ?”

ಆಕೆ ಕೈಯಲ್ಲಿದ್ದ ಚರಿಗೆ ಕೆಳಗಿಟ್ಟಳು. “ಅಕ್ಕೋರೆ, ನೀರಿನ ಆಣಿ ಮಾಡಿ ಹೇಳ್ತೀನ್ರಿ. ಒಂದ್ ಚರಿಗಿನೂ ಹೆಚ್ಚಿಗಿ ತಗೊಂಡಿಲ್ಲ.”

ನಾನು ನಂಬಲಿಲ್ಲ. ಆಕೆ ಜಗಳವಾಡಲಿಲ್ಲ. ಹದಿನೈದು ದಿನದಲ್ಲಿ ಸಾಮಾನು ಕಟ್ಟಿಕೊಂಡು ಹೋದಳು. ಹೋದ ಮರುದಿನ ಬೆಳಿಗ್ಗೆ ಟಾಕಿಯ ಮುಚ್ಚಳ ತೆಗೆದು ನೋಡಿದೆ. ನೀರು ಮತ್ತೆ ಒಂದು ಗೇಣು ಇಳಿದಿತ್ತು.

ಆ ಗೇಣು ನೀರಿನ ಹಿಂದೆ ಬಿದ್ದು ನಾನು ಓದಿದ್ದು, ಕೇಳಿದ್ದು ಬಹಳ. ಬಿ.ಎ.ಯಲ್ಲಿ ಇತಿಹಾಸ ಓದಿದವಳು ನಾನು. ರಾಜರ ಯುದ್ಧಗಳನ್ನು ಬಾಯಿಪಾಠ ಮಾಡಿದ್ದೆ. ಅವರ ಊರುಗಳಲ್ಲಿ ನೀರು ಎಲ್ಲಿ ಹರಿಯಿತು, ಎಲ್ಲಿ ಸೋರಿತು ಎಂದು ಯಾರೂ ಪರೀಕ್ಷೆಯಲ್ಲಿ ಕೇಳಿರಲಿಲ್ಲ.

ನಮ್ಮ ಸೀಮೆಯ ಹಳಬರು ಸೋರಿಕೆಯ ಸಂಕಟವನ್ನು ಚೆನ್ನಾಗಿ ಬಲ್ಲವರು. 1347ರಲ್ಲಿ ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡ ಬಹಮನಿಗಳು ಮುಂದಿನ ಶತಮಾನದಲ್ಲಿ ಬೀದರಿಗೆ ಹೋದರು. ಅಲ್ಲಿ ಇರಾನಿನ ಪದ್ಧತಿಯ ‘ಕರೇಜ್’ ಆಯಿತು. ನೆಲದಾಳದಲ್ಲಿ ಕೊರೆದ ಸುರಂಗ, ಅದರುದ್ದಕ್ಕೂ ಅಲ್ಲಲ್ಲಿ ಬಾವಿಯಂಥ ಬಾಯಿಗಳು. ಆ ಬಾಯಿಗಳು ಗಾಳಿಗೂ ಹೌದು, ಇಳಿದು ಹೂಳು ತೆಗೆಯುವುದಕ್ಕೂ ಹೌದು. ಕಣ್ಣಿಗೆ ಕಾಣದ ಕಡೆ ನೀರು ಹರಿಸಿದರೆ ನಡುನಡುವೆ ನೋಡಲು ಕಿಂಡಿಯನ್ನೂ ಇಡಬೇಕೆಂಬ ಬುದ್ಧಿ ಅವರಿಗಿತ್ತು. ಕೊಳವೆಗಳನ್ನೆಲ್ಲ ಗೋಡೆಯೊಳಗೆ ಹುಗಿದು ಮೇಲೆ ಟೈಲ್ಸ್ ಹಚ್ಚಿ ಅಂದ ನೋಡುವ ನಮಗೆ ಅದಿಲ್ಲ.

ವಿಜಯಪುರದ ಆದಿಲಶಾಹಿಗಳ ಕೆಲಸ ಇನ್ನೂ ಸೂಕ್ಷ್ಮ. ತೊರವಿಯ ಕಡೆಯಿಂದ, 1651ರಲ್ಲಿ ಕಟ್ಟಿದ ಬೇಗಂ ತಲಾಬಿನಿಂದ, ಮಣ್ಣಿನ ಕೊಳವೆಗಳನ್ನು ಗಾರೆಯಲ್ಲಿ ಹುಗಿದು ಊರೊಳಕ್ಕೆ ನೀರು ತಂದರು. ದಾರಿಯಲ್ಲಿ ‘ಗಂಜ್’ ಎಂಬ ಎತ್ತರದ ನೀರಿನ ಗೋಪುರಗಳನ್ನು ನಿಲ್ಲಿಸಿದರು. ಅವುಗಳಲ್ಲಿ ಕೆಲವು ಈಗಲೂ ಊರಲ್ಲಿವೆ. ಓದುವ ದಿನಗಳಲ್ಲಿ ಪ್ರವಾಸ ಹೋದಾಗ ಅವನ್ನು ಕಾವಲು ಬುರುಜುಗಳೆಂದುಕೊಂಡಿದ್ದೆ. ಅಲ್ಲ, ಕೊಳವೆಯೊಳಗಿನ ನೀರಿನ ಒತ್ತಡ ತಗ್ಗಿಸಲು ಕಟ್ಟಿದವು. ಒತ್ತಡ ಹೆಚ್ಚಾದರೆ ಕೊಳವೆಯ ಸಂದು ಬಿಡುತ್ತದೆ, ಸಂದು ಬಿಟ್ಟರೆ ನೀರು ನೆಲದ ಪಾಲು. ಸೋರಿದ ಮೇಲೆ ಹುಡುಕುವುದಕ್ಕಿಂತ ಸೋರದ ಹಾಗೆ ಮಾಡುವುದು ಲೇಸೆಂದು ಆ ಗೋಪುರಗಳು ಹೇಳುತ್ತವೆ.

ಆದರೆ ಸೋರಿದ್ದನ್ನು ಹುಡುಕುವ ವಿದ್ಯೆ ಪಟ್ಟಣಗಳಲ್ಲಿ ಕಬ್ಬಿಣದ ಕೊಳವೆಗಳು ಬಂದ ಮೇಲೆ ಬೆಳೆಯಿತು. ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ನೀರು ಸಾಲದೆ, ನಮ್ಮೂರಿನ ಹಾಗೆಯೇ ಹೊತ್ತು ನೋಡಿ ಬಿಡುತ್ತಿದ್ದರಂತೆ. ಅಲ್ಲಿನ ಎಂಜಿನಿಯರ್ ಜಾರ್ಜ್ ಡೀಕನ್ 1873ರಲ್ಲಿ ಪೋಲಾಗುವ ನೀರನ್ನು ಅಳೆಯುವ ಒಂದು ಮೀಟರನ್ನು ಮಾಡಿದ. ಯುಕ್ತಿ ಸರಳ. ಊರೆಲ್ಲ ಮಲಗಿದ ಮೇಲೆ ಯಾರೂ ನೀರು ಬಳಸುವುದಿಲ್ಲ. ಆಗಲೂ ಒಂದು ಕೇರಿಗೆ ನೀರು ಹರಿಯುತ್ತಲೇ ಇದ್ದರೆ ಅದು ಸೋರಿಕೆ. ಕೇರಿ ಗೊತ್ತಾದ ಮೇಲೆ ಕೆಲಸಗಾರರು ರಾತ್ರಿ ಮನೆಮನೆಯ ಮುಂದೆ ನಿಂತು, ನಳ ತಿರುಗಿಸುವ ಉದ್ದನೆಯ ಕೀಲಿಯನ್ನು ಕೊಳವೆಗೆ ತಾಗಿಸಿ, ಇನ್ನೊಂದು ತುದಿಗೆ ಕಿವಿ ಕೊಡುತ್ತಿದ್ದರು. ಒಳಗೆ ನೀರು ನುಸುಳುತ್ತಿದ್ದರೆ ಲೋಹದೊಳಗೆ ಅದರ ಸದ್ದು ಬರುತ್ತದೆ. ಹೀಗೆ ಪೋಲು ನಿಲ್ಲಿಸಿಯೇ ಆ ಊರಿಗೆ ಹಗಲೂ ರಾತ್ರಿಯೂ ನೀರು ಕೊಡಲು ಸಾಧ್ಯವಾಯಿತು. ಹೊಸ ನದಿಯನ್ನೇನೂ ತರಬೇಕಾಗಲಿಲ್ಲ.

ಇದೇ ಲೆಕ್ಕ ನಮ್ಮ ಕಲಬುರಗಿಗೂ ಬಂತು. ಹುಬ್ಬಳ್ಳಿ-ಧಾರವಾಡ, ಬೆಳಗಾವಿ ಮತ್ತು ಆಗ ಗುಲಬರ್ಗಾ ಎಂದೇ ಕರೆಸಿಕೊಳ್ಳುತ್ತಿದ್ದ ನಮ್ಮ ಊರು, ಈ ಮೂರು ಕಡೆ ವಿಶ್ವಬ್ಯಾಂಕಿನ ಸಾಲದ ಯೋಜನೆಯಲ್ಲಿ ಕೆಲವು ವಾರ್ಡುಗಳನ್ನು ಆರಿಸಿ 2008ರ ಹೊತ್ತಿಗೆ ದಿನವಿಡೀ ನೀರು ಕೊಡಲು ತೊಡಗಿದರು. ಹಳೆಯ ಕೊಳವೆ ತೆಗೆದು ಹೊಸದು ಹಾಕಿದರು, ಪ್ರತಿ ಮನೆಗೂ ಮೀಟರು ಕೂಡಿಸಿದರು. ಆ ಭಾಗದ ನಂಟರ ಮನೆಗೆ ಹೋದಾಗ ನಳ ತಿರುಗಿಸಿ ತಿರುಗಿಸಿ ನೋಡಿ ಹೊಟ್ಟೆಕಿಚ್ಚು ಪಟ್ಟಿದ್ದೇನೆ. ನೀರು ಬಿಟ್ಟು ಬಿಟ್ಟು ಬರುವ ಊರಿನಲ್ಲಿ ಸೋರಿಕೆ ಹಿಡಿಯುವುದು ಕಷ್ಟ. ಕೊಳವೆ ತುಂಬಿ ಒತ್ತಡವಿದ್ದರೆ ತಾನೇ ಸದ್ದು? ಇನ್ನೊಂದು ಕೆಡುಕೂ ಇದೆ. ಕೊಳವೆ ಬರಿದಾದಾಗ ಅದೇ ತೂತು ಹೊರಗಿನ ಗಟಾರದ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ನಮ್ಮ ನೀರು ಹೊರಗೆ ಹೋಗುವ ಬಾಗಿಲಿನಿಂದಲೇ ವಾಂತಿಭೇದಿ ಒಳಗೆ ಬರುತ್ತದೆ.

ಮನೆಯ ಕತೆಗೆ ಬರುತ್ತೇನೆ. ಓಣಿಯವರೊಬ್ಬರು ವಯಸ್ಸಾದ ನಳದ ಮಿಸ್ತ್ರಿಯೊಬ್ಬರನ್ನು ಕಳಿಸಿಕೊಟ್ಟರು. ಎಲ್ಲರೂ ಅವರನ್ನು ಚಾಚಾ ಎನ್ನುತ್ತಿದ್ದರು. ಬಂದವರು ಮೊದಲು ಕೊಳವೆ ನೋಡಲಿಲ್ಲ, ಹಿತ್ತಲು ನೋಡಿದರು. ಮೇ ತಿಂಗಳ ಬಿಸಿಲಿಗೆ ಹಿತ್ತಲೆಲ್ಲ ಒಣಗಿ ಎರೆಮಣ್ಣು ಕೈ ಹೋಗುವಷ್ಟು ಬಿರುಕು ಬಿಟ್ಟಿತ್ತು. ಗೋಡೆಯ ಮಗ್ಗುಲಿನ ನುಗ್ಗೆಗಿಡವೊಂದು ಮಾತ್ರ ಹಸಿರಾಗಿ ನಿಂತಿತ್ತು.

“ಬಾಯಿ, ಇದಕ್ಕ ನೀರು ಹಾಕ್ತೀರೇನು?”

“ಕುಡಿಯಾಕ ಇಲ್ಲ, ಗಿಡಕ್ಕೆಲ್ಲಿಂದ ಹಾಕ್ಲಿ ಚಾಚಾ?”

“ಮತ್ತ ಯಾರೋ ಹಾಕ್ಲಿಕತ್ತಾರ” ಎಂದು ನಕ್ಕರು.

ಆ ರಾತ್ರಿ ಹನ್ನೊಂದರ ಮೇಲೆ ಮತ್ತೆ ಬಂದರು. ನಳ ಬಂದ್, ಫ್ಯಾನು ಬಂದ್, ಫ್ರಿಜ್ಜೂ ಬಂದ್. ಕೈಯಲ್ಲೊಂದು ಉದ್ದ ಕಬ್ಬಿಣದ ಸಲಾಕೆ. ಅದರ ಒಂದು ತುದಿಯನ್ನು ಕೊಳವೆಗೆ, ಫರಸಿಯ ಸಂದಿಗೆ, ಗೋಡೆಯ ಬುಡಕ್ಕೆ ಇಟ್ಟು, ಇನ್ನೊಂದು ತುದಿಗೆ ಹೆಬ್ಬೆರಳು, ಅದರ ಮೇಲೆ ಕಿವಿ. ವೈದ್ಯರು ಎದೆ ನೋಡಿದ ಹಾಗೆ ನೋಡುತ್ತ ಹೋದರು. ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತು ನನ್ನನ್ನು ಕರೆದರು. ಕಿವಿ ಕೊಟ್ಟೆ. ಹಾಲು ಕಾಯುವ ಮೊದಲು ಪಾತ್ರೆಯ ತಳದಲ್ಲಿ ಏಳುವ ಸಣ್ಣ ಸುಂಯ್ ಎಂಬ ಸದ್ದು.

ಬೆಳಿಗ್ಗೆ ಅಲ್ಲೊಂದೇ ಶಹಾಬಾದ್ ಫರಸಿ ಎಬ್ಬಿಸಿದರು. ಕೆಳಗೆ ಕಬ್ಬಿಣದ ಕೊಳವೆಯ ಜೋಡಣೆ ತುಕ್ಕು ಹಿಡಿದು ಬಾಯಿಬಿಟ್ಟಿತ್ತು. ಎರೆಭೂಮಿ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ವರ್ಷವರ್ಷವೂ ಕೊಳವೆಯನ್ನು ಎತ್ತಿ ಇಳಿಸಿ ಸಂದು ಬಿಡಿಸುತ್ತದೆ. ಸೋರಿದ ನೀರು ಮೇಲೆ ಬರದೆ ಬಿರುಕಿನೊಳಗೆ ಇಳಿದು ನುಗ್ಗೆಯ ಬೇರಿಗೆ ಸೇರುತ್ತಿತ್ತು. ಗಂಟೆಗೆ 25 ಲೀಟರಿನಂತೆ ಎಂಟು ಗಂಟೆಯ ರಾತ್ರಿಗೆ 200 ಲೀಟರು. ನನ್ನ ಲೆಕ್ಕ ಸರಿಯಾಗಿಯೇ ಇತ್ತು. ಕಳ್ಳರ ಹೆಸರು ಮಾತ್ರ ತಪ್ಪಿತ್ತು.

ಈಗ ಈ ಕೆಲಸಕ್ಕೆ ದೊಡ್ಡ ಊರುಗಳಲ್ಲಿ ಪರಿಣತರೇ ಇದ್ದಾರೆ. ನನ್ನ ತಂಗಿಯ ಅಪಾರ್ಟ್‌ಮೆಂಟಿನಲ್ಲಿ ಮಲಗುವ ಕೋಣೆಯ ಮಾಳಿಗೆ ಪಸೆ ಹಿಡಿದು, ಮೇಲಿನ ಮನೆಯವರೊಂದಿಗೆ ಮಾತು ಬಿಟ್ಟುಹೋಗಿತ್ತು. ಬಂದ ಹುಡುಗರು ಕಿವಿಗೆ ಯಂತ್ರ ಹಾಕಿಕೊಂಡು ಕೇಳಿದರು, ಗೋಡೆಯ ತೇವ ಅಳೆದರು, ಶಾಖ ತೋರಿಸುವ ಕ್ಯಾಮೆರಾದಲ್ಲಿ ತಣ್ಣಗಿರುವ ಜಾಗ ಗುರುತಿಸಿದರು. ಕೊಳವೆಯ ನೀರು ಖಾಲಿ ಮಾಡಿ, ಜಲಜನಕ ಬೆರೆತ ಅನಿಲ ತುಂಬಿ, ಅದು ಎಲ್ಲಿ ಹೊರಬರುತ್ತದೆಂದು ಮೂಸಿ ನೋಡುವ ಯಂತ್ರವೂ ಇದೆಯಂತೆ. ಇಷ್ಟೆಲ್ಲ ಆಗಿ ಸೋರುತ್ತಿದ್ದದ್ದು ತಂಗಿಯ ಮನೆಯ ಗೋಡೆಯಲ್ಲೇ ಹಾದುಹೋದ ಕೊಳವೆ! ಮೇಲಿನ ಮನೆಯಾಕೆ ಆ ವರ್ಷ ಪಂಚಮಿಗೆ ಉಂಡಿ ಕಳಿಸಿದಳು. ದೊಡ್ಡ ಮನಸ್ಸು.

ಅಕ್ಕತಂಗಿಯರೇ, ಯಂತ್ರ ತರಿಸುವ ಮೊದಲು ಮನೆಯಲ್ಲೇ ಮಾಡಬಹುದಾದದ್ದಿದೆ. ರಾತ್ರಿ ಎಲ್ಲ ನಳ ಮುಚ್ಚಿ ಮೀಟರಿನ ಅಂಕಿ ಬರೆದಿಡಿ; ಮೀಟರಿಲ್ಲದಿದ್ದರೆ ಟಾಕಿಯಲ್ಲಿ ನೀರು ನಿಂತ ಕಡೆ ಗುರುತು ಮಾಡಿ. ಬೆಳಿಗ್ಗೆ ನೋಡಿ. ಪಾಯಖಾನೆಯ ಫ್ಲಶ್ ಡಬ್ಬಿಯಲ್ಲಿ ಅಡಿಗೆಗೆ ಹಾಕುವ ಬಣ್ಣ ಚಿಟಿಕೆ ಹಾಕಿ ಅರ್ಧ ಗಂಟೆ ಬಿಡಿ. ಕೆಳಗೆ ಬಣ್ಣ ಕಂಡರೆ ಒಳಗಿನ ರಬ್ಬರು ಸವೆದಿದೆ. ಸೆಕೆಂಡಿಗೊಂದು ಹನಿ ಬಿದ್ದರೆ ದಿನಕ್ಕೆ ಸುಮಾರು 20 ಲೀಟರು ಹೋಗುತ್ತದೆ. ನಳದ ಸೋರಿಕೆ ಸಂಶಯ ಬಂದರೆ ಮೊದಲು ಟಾಕಿಯನ್ನು ನೋಡಿ, ಆಮೇಲೆ ಮನುಷ್ಯರನ್ನು.

ಆ ಹೆಣ್ಣುಮಗಳ ಹೊಸ ಮನೆ ಹುಡುಕಲು ನನಗೆ ಎರಡು ತಿಂಗಳು ಬೇಕಾಯಿತು. ವಿಳಾಸ ಸಿಗದೆ ಅಲ್ಲ, ಕಾಲು ಬಾರದೆ. ಹೋದಾಗ ಮಳೆ ಹಿಡಿದಿತ್ತು. ಒಂದೇ ಕೋಣೆ, ನೀರು ಓಣಿಯ ತುದಿಯ ನಳದಿಂದ ಹೊತ್ತು ತರಬೇಕು. ಬಾಗಿಲಲ್ಲಿ ನನ್ನನ್ನು ಕಂಡು ಹಿರಿಯ ಹುಡುಗಿ ಒಳಗೆ ಸರಿದಳು. ತಾಯಿ ಚಾಪೆ ಹಾಸಿದಳು. ನಾನು ಬಾಯಿ ತೆರೆಯುವ ಮೊದಲೇ ಒಂದು ಚರಿಗೆ ನೀರು, ತಟ್ಟೆಯಲ್ಲಿ ಬೆಲ್ಲದ ತುಂಡು ತಂದಿಟ್ಟಳು.

ಹೇಳಬೇಕಾದದ್ದನ್ನೆಲ್ಲ ಹೇಳಿದೆ. ಆಕೆ ಸುಮ್ಮನೆ ಕೇಳಿದಳು. “ಬಿಡ್ರಿ ಅಕ್ಕೋರೆ, ನಳ ಸಿಕ್ತಲ್ಲ” ಎಂದಳು. ಮತ್ತೆ ಬಂದು ಇರು ಎಂದೆ. ತಲೆಯಾಡಿಸಿದಳು, ಬರುತ್ತೇನೆಂದಲ್ಲ. “ಹುಡುಗೀರು ಒಲ್ಲೆ ಅಂತಾರ್ರಿ.”

ಚರಿಗೆ ಎತ್ತಿಕೊಂಡೆ. ಓಣಿಯ ತುದಿಯಿಂದ ಆಕೆ ಹೊತ್ತು ತಂದ ನೀರು. ಒಂದು ಹನಿಯೂ ಬಿಡದೆ ಕುಡಿದೆ.