ಆಟ ವಿನ್ಯಾಸದ ತರಗತಿ: ಕರ್ನಾಟಕದಲ್ಲಿ ಅದರ ಚರಿತ್ರೆ

ವಿದ್ಯಾರ್ಥಿಗಳು ಗುಂಪಾಗಿ ಕೂತು ಹೊಸ ಆಟವನ್ನೋ ಆಟಿಕೆಯನ್ನೋ ನೋಡುಗರು ಕೈಯಾಡಿಸಬಹುದಾದ ಪ್ರದರ್ಶನವನ್ನೋ ಕಲ್ಪಿಸಿಕೊಂಡು, ರಟ್ಟು, ದಾರ, ಸೆನ್ಸರ್‌ಗಳಿಂದ ಅದರ ಕಚ್ಚಾ ಮಾದರಿ ಮಾಡಿ, ಬೇರೆಯವರಿಂದ ಆಡಿಸಿ ನೋಡುವ ಕಲಿಕೆಗೆ ಆಟ ವಿನ್ಯಾಸದ ತರಗತಿ ಎನ್ನಬಹುದು. ಬೆಂಗಳೂರಿನಿಂದ ದೊಡ್ಡಬಳ್ಳಾಪುರಕ್ಕೆ ಹೋಗುವ ದಾರಿಯಲ್ಲಿರುವ ಯಲಹಂಕ ಉಪನಗರದಲ್ಲಿ ಗೀತಾ ನಾರಾಯಣನ್ 1996ರಲ್ಲಿ ಆರಂಭಿಸಿದ ಸೃಷ್ಟಿ ಸಂಸ್ಥೆ, ತುಮಕೂರು ರಸ್ತೆಯಲ್ಲಿರುವ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಬೆಂಗಳೂರು ಕ್ಯಾಂಪಸ್, ಇವೆರಡೂ ಕರ್ನಾಟಕದಲ್ಲಿ ವಿನ್ಯಾಸ ಶಿಕ್ಷಣದ ಮುಖ್ಯ ನೆಲೆಗಳು. ಎರಡನೆಯದರಲ್ಲಿ ಡಿಜಿಟಲ್ ಆಟಗಳ ವಿನ್ಯಾಸಕ್ಕೇ ಪ್ರತ್ಯೇಕ ಸ್ನಾತಕೋತ್ತರ ಕೋರ್ಸು ನಡೆದಿದೆ. ಈ ಕಲಿಕೆಯ ಕಥೆಯನ್ನು ಅಮೆರಿಕದ ಜಾಹೀರಾತು ಕಂಪನಿಯೊಂದರ ಸಭಾಕೋಣೆಯಿಂದ ಶುರುಮಾಡುವುದು ವಾಡಿಕೆ. ಅದು ಸುಳ್ಳಲ್ಲ, ಆದರೆ ಕಥೆಯ ಚಿಕ್ಕ ಭಾಗ. ತರಗತಿಗೆ ನಿಜವಾಗಿ ಫಲ ಕೊಟ್ಟದ್ದು ಅಗ್ಗದ ಮಾದರಿಯನ್ನು ಇನ್ನೊಬ್ಬರ ಕೈಗಿಟ್ಟು ನೋಡುವ ರೂಢಿ. ಆ ರೂಢಿ ಇಲ್ಲಿನ ಜಗಲಿಗಳಲ್ಲಿ ಹಿಂದಿನಿಂದಲೂ ಇತ್ತು.

ಮೊದಲು ಆ ಸಭಾಕೋಣೆ. ಬಿಬಿಡಿಒ ಜಾಹೀರಾತು ಸಂಸ್ಥೆಯ ಪಾಲುದಾರ ಅಲೆಕ್ಸ್ ಆಸ್‌ಬಾರ್ನ್ 1939ರ ಸುಮಾರಿಗೆ ತನ್ನ ನೌಕರರನ್ನು ಗುಂಪಾಗಿ ಕೂರಿಸಿ, ಯಾರ ಮಾತನ್ನೂ ಅಲ್ಲಗಳೆಯದೆ ತೋಚಿದ್ದನ್ನೆಲ್ಲ ಹೇಳಿಸುವ ಪದ್ಧತಿ ಆರಂಭಿಸಿದ. ಬ್ರೈನ್‌ಸ್ಟಾರ್ಮಿಂಗ್ ಎಂದು ಹೆಸರಾದ ಈ ಪದ್ಧತಿಯ ನಿಯಮಗಳು ಅವನ 1953ರ ‘ಅಪ್ಲೈಡ್ ಇಮ್ಯಾಜಿನೇಷನ್’ ಪುಸ್ತಕದ ಮೂಲಕ ಜಗತ್ತಿಗೆ ಹರಡಿದವು: ಟೀಕೆ ಬೇಡ, ವಿಚಿತ್ರವೆನಿಸಿದ್ದನ್ನೂ ಹೇಳಿ, ಸಂಖ್ಯೆ ಹೆಚ್ಚಲಿ, ಒಬ್ಬರ ಯೋಚನೆಗೆ ಇನ್ನೊಬ್ಬರು ಸೇರಿಸಿ. ಪುಸ್ತಕ ಬಂದ ಐದೇ ವರ್ಷಕ್ಕೆ, 1958ರಲ್ಲಿ, ಯೇಲ್ ವಿಶ್ವವಿದ್ಯಾಲಯದ ಟೇಲರ್, ಬೆರಿ ಮತ್ತು ಬ್ಲಾಕ್ ಇದನ್ನು ಪರೀಕ್ಷೆಗೆ ಒಡ್ಡಿದರು. ಒಟ್ಟಿಗೆ ಕೂತ ನಾಲ್ವರಿಗಿಂತ, ಬೇರೆ ಬೇರೆಯಾಗಿ ಕೂತ ನಾಲ್ವರ ಯೋಚನೆಗಳನ್ನು ಕೂಡಿಸಿದಾಗಲೇ ಹೆಚ್ಚು ಸಿಕ್ಕಿತು. 1987ರಲ್ಲಿ ಡೀಲ್ ಮತ್ತು ಸ್ಟ್ರೋಬೆ ಇದಕ್ಕೊಂದು ಸರಳ ಕಾರಣ ತೋರಿಸಿದರು: ಒಬ್ಬ ಮಾತಾಡುವಾಗ ಉಳಿದವರು ಕಾಯಬೇಕು, ಕಾಯುವಷ್ಟರಲ್ಲಿ ಯೋಚನೆ ಆರಿಹೋಗುತ್ತದೆ. ಆರು ಜನ ತಲಾ ಮೂರು ಯೋಚನೆಗಳನ್ನು ಐದೈದು ನಿಮಿಷಕ್ಕೊಮ್ಮೆ ಬರೆದು ಪಕ್ಕದವರಿಗೆ ದಾಟಿಸುವ ಪದ್ಧತಿಯನ್ನು ಜರ್ಮನಿಯ ಬೆರ್ನ್ಡ್ ರೋರ್‌ಬಾಖ್ 1968ರಲ್ಲೇ ರೂಪಿಸಿದ್ದ. ಕಾಯುವ ತೊಡಕು ಅದರಿಂದ ತಪ್ಪಿತು; ಆದರೆ ಬರೆದ ಯೋಚನೆಯೂ ಯೋಚನೆಯೇ, ಅದನ್ನಿನ್ನೂ ಯಾರೂ ಆಡಿರುವುದಿಲ್ಲ.

ಆಡಿದಾಗ ಮಾತ್ರ ತಿಳಿಯುವುದು ಏನೆಂಬುದಕ್ಕೆ ಚೌಕಾಬಾರ ಒಳ್ಳೆಯ ಸಾಕ್ಷಿ. ಐದು ಸಾಲು ಐದು ಕಂಬದ ಮನೆ, ನಾಲ್ಕು ಕವಡೆ, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಕವಡೆ ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಮಗುಚಿ ಬಿದ್ದರೆ ಬಾರ, ಅಂದರೆ ಎಂಟು. ಅಡ್ಡಗೀಟು ಹಾಕಿದ ಮನೆಯಲ್ಲಿ ನಿಂತ ಕಾಯಿಯನ್ನು ಕಡಿಯುವಂತಿಲ್ಲ. ಇಷ್ಟೇ ಇದ್ದಿದ್ದರೆ ಜಾಣನಾದವನು ಯಾರ ತಂಟೆಗೂ ಹೋಗದೆ ಗೀಟಿನ ಮನೆಯಿಂದ ಗೀಟಿನ ಮನೆಗೆ ಜಿಗಿದು ಕಾಯಿ ಹಣ್ಣು ಮಾಡಿಕೊಳ್ಳುತ್ತಿದ್ದ, ಆಟ ಸಪ್ಪೆಯಾಗುತ್ತಿತ್ತು. ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ ಎಂಬ ನಿಯಮ ಆ ಜಾಣತನಕ್ಕೆ ಹಾಕಿದ ಬೇಲಿ. ಇಂಥ ಬೇಲಿ ಬೇಕೆಂದು ಹೊಳೆಯುವುದು ಆಟ ಸಪ್ಪೆಯಾದದ್ದನ್ನು ಕಂಡವರಿಗೆ. ಏಳು ಮನೆಯ ಚೌಕ, ಆರು ಕವಡೆ, ಕವಡೆ ಸಿಗದಿದ್ದರೆ ಉಜ್ಜಿ ಸೀಳಿದ ಹುಣಸೆ ಬೀಜ, ಜೋಡಿ ಕಾಯಿಯನ್ನು ಗಟ್ಟಿ ಮಾಡಿ ನಡೆಸುವುದು: ಊರಿಗೊಂದು ಕಟ್ಟಳೆ. ಸುಣ್ಣದ ಗೀಟು ಅಳಿಸಿ ಎಳೆಯಲು ಕಾಸು ಖರ್ಚಾಗದ ಕಾರಣ ಈ ಬದಲಾವಣೆಗಳಿಗೆ ಅಡ್ಡಿಯೇ ಇರಲಿಲ್ಲ. ದೊಡ್ಡಬಳ್ಳಾಪುರದ ಮಗ್ಗದವರಿಗೂ ಇದು ಅರ್ಥವಾಗುವ ಮಾತು. ಸೀರೆಯಂಚಿನ ಡಿಸೈನು ಗ್ರಾಫ್ ಹಾಳೆಯ ಮೇಲೆ ಎಷ್ಟೇ ಚೆಂದ ಕಂಡರೂ ಗೇಣುದ್ದ ನೇಯ್ದು ನೋಡುವ ತನಕ ನಂಬುವಂತಿಲ್ಲ.

ಇದಕ್ಕೆ ಎದುರಾಗಿ ನಿಲ್ಲುವುದು ಮೈಸೂರು ಅರಮನೆ. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಕರ್ನಾಟಕದ ಇತಿಹಾಸದಲ್ಲಿ ಹೆಸರು ಗೊತ್ತಿರುವ ಅತಿ ದೊಡ್ಡ ಆಟ ವಿನ್ಯಾಸಕರು. ‘ಶ್ರೀತತ್ತ್ವನಿಧಿ’ ಗ್ರಂಥದ ಕೌತುಕನಿಧಿ ಭಾಗದಲ್ಲಿ ಅವರು ವಿವರಿಸಿದ ಹದಿಮೂರು ಗಂಜೀಫಾ ಎಂಬ ಎಲೆಯಾಟಗಳಲ್ಲಿ ಚಿಕ್ಕದಕ್ಕೆ 36 ಎಲೆ, ದೊಡ್ಡದಕ್ಕೆ 360. ಕೆಲವಕ್ಕೆ ಹದಿನೆಂಟು ಬಣ್ಣ, ಮೇಲೆ ಕಾಯಂ ತುರುಫು. ಅದ್ಭುತ ಕಲ್ಪನೆ, ಚಿತ್ರಗಳಂತೂ ಕಣ್ಣಿಗೆ ಹಬ್ಬ. ಆದರೆ ಈ ಆಟಗಳು ಅರಮನೆಯ ಆಚೆ ಬೇರೂರಲಿಲ್ಲ. 360 ಎಲೆಗಳನ್ನು ಕೈಯಲ್ಲಿ ಬರೆದು ಬಣ್ಣ ತುಂಬಿಸಿದ ಮೇಲೆ ನಿಯಮ ಬದಲಿಸುವುದೆಂದರೆ ಚಿತ್ರಗಾರರ ಎಷ್ಟೋ ದಿನಗಳ ದುಡಿಮೆ ನೀರುಪಾಲು; ಅದಕ್ಕಿಂತ ಮುಖ್ಯವಾಗಿ, ಆಟ ಬೇಜಾರು ಎಂದು ದೊರೆಗೆ ಹೇಳುವ ಆಟಗಾರ ಯಾರು? ಅದೇ ದೊರೆಯ ಚದುರಂಗದ ಕುದುರೆ ನಡಿಗೆಗಳ ಗತಿ ಬೇರೆಯಾಯಿತು. ಕುದುರೆ ಪ್ರತಿಯೊಂದು ಮನೆಯನ್ನೂ ಒಂದೊಂದೇ ಸಲ ಮುಟ್ಟುವ, ನಡೆಯ ಅಂಕೆಗಳನ್ನು ಕೂಡಿದರೆ ಸಾಲು ಕಂಬಗಳಲ್ಲಿ ಒಂದೇ ಮೊತ್ತ ಬರುವ ಅವರ ಬಂಧಗಳು ಗಣಿತ ವಿನೋದದ ಪಾಶ್ಚಾತ್ಯ ಬರಹಗಳಲ್ಲೂ ಜಾಗ ಪಡೆದಿವೆ. ಕುದುರೆ ನಡಿಗೆಗೆ ಎದುರಾಳಿ ಬೇಡ. ಅದನ್ನು ಒಬ್ಬರೇ ಕೂತು ಪರೀಕ್ಷಿಸಬಹುದು. ಎಲೆಯಾಟವನ್ನು ಹಾಗೆ ಪರೀಕ್ಷಿಸಲಾಗದು.

ಇಲ್ಲಿ ಆಕ್ಷೇಪಗಳು ಏಳುವುದು ಸಹಜ. ಅಗ್ಗದ ಅಚ್ಚಿನ ಇಸ್ಪೀಟು ಬಂದು ಭಾರತದ ಗಂಜೀಫಾ ಸಂಪ್ರದಾಯವನ್ನೆಲ್ಲ ಹಿಂದಕ್ಕೆ ತಳ್ಳಿತಲ್ಲ, ಮುಮ್ಮಡಿಯವರ ಆಟವನ್ನಷ್ಟೇ ಏಕೆ ದೂರಬೇಕು ಎನ್ನಬಹುದು. ಇದನ್ನು ಒಪ್ಪಲೇಬೇಕು, ಆದರೆ ಸರಳ ಗಂಜೀಫಾಗಳು ಇಸ್ಪೀಟು ಬರುವ ಮುನ್ನ ನೂರಾರು ವರ್ಷ ಜನರ ಕೈಯಲ್ಲಿದ್ದವು, ಅರಮನೆಯ ಆಟಗಳಿಗೆ ಆ ಭಾಗ್ಯವೂ ಸಿಗಲಿಲ್ಲ. ಚೌಕಾಬಾರ ತಲೆಮಾರುಗಳ ಕೆಲಸ, ಒಂದು ಸೆಮಿಸ್ಟರಿನ ತರಗತಿಗೆ ಅದರಿಂದೇನು ಪಾಠ ಎಂಬ ಮಾತು ಇನ್ನೂ ತೂಕದ್ದು. ಆದರೆ ಹೋಲಿಕೆ ಕಾಲದ್ದಲ್ಲ, ಒಂದು ತಿದ್ದುಪಡಿಗೆ ತಗಲುವ ಖರ್ಚಿನದು: ರಟ್ಟಿನ ಮಣೆಯಿದ್ದರೆ ಒಂದೇ ಮಧ್ಯಾಹ್ನದಲ್ಲಿ ಹಲವು ಸಲ ನಿಯಮ ತಿದ್ದಬಹುದು. ಇನ್ನು, ಗುಂಪಿನ ಮಾತುಕತೆಯ ಉದ್ದೇಶ ಎಣಿಕೆಯಲ್ಲ, ಸಂಕೋಚ ಬಿಡಿಸುವುದು ಎನ್ನುವವರಿದ್ದಾರೆ. ಯಾರ ಸಂಕೋಚ ಎಂದು ಕೇಳಬೇಕಾಗುತ್ತದೆ. ಇಂಗ್ಲಿಷಿನಲ್ಲಿ ನಡೆಯುವ ತರಗತಿಯಲ್ಲಿ ಮಾತಿನ ಸುತ್ತು ಸರಾಗ ಇಂಗ್ಲಿಷಿನವರ ಕಡೆಗೇ ವಾಲುತ್ತದೆ. ಹೊಸಕೋಟೆಯ ಕನ್ನಡ ಮಾಧ್ಯಮದಿಂದ ಬಂದವರು ಬಾಯಿ ಬಿಡುವಷ್ಟರಲ್ಲಿ ಗೋಡೆ ತುಂಬ ಚೀಟಿಗಳು ಅಂಟಿರುತ್ತವೆ. ರಟ್ಟು ಕತ್ತರಿಸಿ ಮುಂದಿಟ್ಟ ಮಾದರಿಗೆ ಆ ಭೇದ ಅಷ್ಟಾಗಿ ಇಲ್ಲ.

ಸಂಸ್ಥೆಗಳ ಚರಿತ್ರೆಯಲ್ಲೂ ಇದೇ ಎಳೆ ಕಾಣುತ್ತದೆ. ಅಮೆರಿಕದ ವಿನ್ಯಾಸಕರಾದ ಈಮ್ಸ್ ದಂಪತಿಯ 1958ರ ಇಂಡಿಯಾ ರಿಪೋರ್ಟಿನ ಬೆನ್ನಿಗೆ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು. ಅಲ್ಲಿ ಆಟಿಕೆ ವಿನ್ಯಾಸವನ್ನು ಬೆಳೆಸಿದ ಸುದರ್ಶನ್ ಖನ್ನಾ ಆರಿಸಿಕೊಂಡ ಪಠ್ಯವೆಂದರೆ ಜಾತ್ರೆಗಳಲ್ಲಿ ಮಾರುವ, ಮಕ್ಕಳೇ ಕಾಗದ ಕಡ್ಡಿಗಳಿಂದ ಮಾಡಿಕೊಳ್ಳುವ ಆಟಿಕೆಗಳು. ಕರ್ನಾಟಕದಲ್ಲಿ ವಿನ್ಯಾಸ ಎಂಬ ಹೆಸರು ಹೊರದೆ ಅದೇ ಕೆಲಸ ಮಾಡಿದ್ದು ನಲಿ-ಕಲಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಪ್ರಾಥಮಿಕ ಶಾಲೆಗಳ ಶಿಕ್ಷಕರು ಯುನಿಸೆಫ್ ನೆರವಿನಿಂದ ಕಲಿಕೆಯ ಕಾರ್ಡು, ಹಾಡು, ಆಟಗಳನ್ನು ತಾವೇ ಸಿದ್ಧಪಡಿಸಿ ತರಗತಿಗೆ ತಂದರು. 2009ರಿಂದ ಅದು ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿದಾಗ ಕಾರ್ಡುಗಳು ಅಚ್ಚಾಗಿ ಬಂದವು, ಬಳಸುವ ಶಿಕ್ಷಕರು ತಿದ್ದುವ ಶಿಕ್ಷಕರಾಗಿ ಉಳಿಯಲು ಅವಕಾಶ ಕುಗ್ಗಿತು.

ಪರದೆಯ ಆಟಗಳು ಬಂದ ಮೇಲೆ ಖರ್ಚಿನ ಪ್ರಶ್ನೆ ಮತ್ತೆ ಎದ್ದಿದೆ. ಕೋಡ್ ಬರೆದು ಚಿತ್ರ ಜೋಡಿಸಿದ ಆಟವನ್ನು ಕೈಬಿಡುವುದು ವಿದ್ಯಾರ್ಥಿಗೆ ಕಷ್ಟ. ಅದಕ್ಕೇ ಡಿಜಿಟಲ್ ಆಟದ ಬೋಧನೆಯಲ್ಲೂ ಮೊದಲ ಸುತ್ತು ಕಾಗದದ ಮೇಲೆ ನಡೆಯುವುದು ರೂಢಿಯಾಗಿದೆ. ತೊಡಕು ಉಳಿದಿರುವುದು ಅಂಕಗಳಲ್ಲಿ. ಸೆಮಿಸ್ಟರಿನ ಕೊನೆಗೆ ತೀರ್ಪುಗಾರರ ಮುಂದೆ ಬರುವುದು ಒಪ್ಪವಾದ ಒಂದೇ ಮಾದರಿಯಾದರೆ, ಹರಿದೆಸೆದ ಮಣೆಗಳಿಗೆ ಬೆಲೆಯಿಲ್ಲವೆಂದು ವಿದ್ಯಾರ್ಥಿ ಮೊದಲ ವರ್ಷದಲ್ಲೇ ಕಲಿಯುತ್ತಾನೆ, ಮುಂದಿನ ಸಲ ಒಂದೇ ಮಣೆ ಮಾಡಿ ಅದಕ್ಕೇ ಬಣ್ಣ ಹಚ್ಚುತ್ತಾನೆ. ಆಡಿಸಿದ ದಿನಗಳ ದಾಖಲೆ, ಪ್ರತಿ ಸಲ ಬದಲಿಸಿದ ನಿಯಮ, ಬದಲಿಸಿದ್ದಕ್ಕೆ ಕಾರಣ, ಇವಕ್ಕೂ ಅಂಕ ಮೀಸಲಿಟ್ಟಲ್ಲಿ ಈ ಚಾಳಿಗೆ ಕಾರಣವೇ ಇರುವುದಿಲ್ಲ.